ಇಂಗ್ಲೆಂಡಿನ ವೇ ನದಿಯಲ್ಲಿ ಕಯಾಕ್: ಗಿಲ್ಡ್‌ಫರ್ಡ್‌ನಿಂದ ವೇಬ್ರಿಡ್ಜ್‌ಗೆ ಒಂದೇ ದಿನದಲ್ಲಿ ಆಗುತ್ತಾ?

ಕೇಳಿದವರು (ವೋಕಿಂಗ್): ಗಾಳಿ ತುಂಬುವ ಎರಡು ಸೀಟಿನ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ತಗೊಂಡಿದ್ದೇವೆ. ಮಗಳಿಗೆ ಹತ್ತು ವರ್ಷ, ಈಜು ಬರುತ್ತೆ. ಗಿಲ್ಡ್‌ಫರ್ಡ್‌ನಿಂದ ವೇಬ್ರಿಡ್ಜ್‌ವರೆಗೆ ಒಂದು ದಿನ ಸಾಕಾ? ಲೈಸೆನ್ಸ್ ಬೇಕಾ? ಇದು ನದಿಯೋ ಕಾಲುವೆಯೋ ಅನ್ನೋದೇ ಸರಿಯಾಗಿ ತಿಳಿಯುತ್ತಿಲ್ಲ.

ಉತ್ತರ 1: ವೇ ನದಿಯೂ ಹೌದು, ಕಾಲುವೆಯೂ ಹೌದು, ಅದನ್ನು ಮೊದಲು ಅರ್ಥ ಮಾಡಿಕೊಂಡರೆ ಮಿಕ್ಕಿದ್ದೆಲ್ಲ ಸುಲಭ. ನದಿಯ ಒಂದು ಕವಲು ಆಲ್ಟನ್ ಕಡೆಯಿಂದ, ಇನ್ನೊಂದು ಹೇಸಲ್‌ಮಿಯರ್ ಕಡೆಯಿಂದ ಬಂದು ಟಿಲ್‌ಫರ್ಡ್‌ನಲ್ಲಿ ಸೇರುತ್ತವೆ. ಗಾಡಲ್ಮಿಂಗ್‌ನಿಂದ ಕೆಳಗೆ ದೋಣಿ ದಾರಿ. ಸರ್ ರಿಚರ್ಡ್ ವೆಸ್ಟನ್ ಯೋಜನೆಯಂತೆ 1653ರಲ್ಲಿ ಗಿಲ್ಡ್‌ಫರ್ಡ್‌ನಿಂದ ಥೇಮ್ಸ್‌ವರೆಗೆ ತೆರೆಯಿತು, 1764ರಲ್ಲಿ ಗಾಡಲ್ಮಿಂಗ್‌ವರೆಗೆ ಬೆಳೆಯಿತು. ಒಟ್ಟು ಸುಮಾರು 32 ಕಿ.ಮೀ. ನದಿ ಸೊಟ್ಟಗೆ ಹೋದ ಕಡೆ ನೇರ ಕಾಲುವೆ ತೋಡಿದ್ದಾರೆ. ವಾಲ್ಶಮ್ ಗೇಟ್ಸ್‌ನಿಂದ ವೇಬ್ರಿಡ್ಜ್‌ನ ಟೌನ್ ಲಾಕ್‌ವರೆಗೆ ಬಹುಪಾಲು ಕಾಲುವೆಯೇ. (ಲಾಕ್ ಅಂದರೆ ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ, ಬಾಗಿಲುಗಳಿರುವ ತೊಟ್ಟಿ.) ನ್ಯೂ ಹಾ ಬಳಿ ಬೇಸಿಂಗ್‌ಸ್ಟೋಕ್ ಕಾಲುವೆ ಬಂದು ಕೂಡುವುದೂ ಅದೇ ತುಂಡಿಗೆ.

ದಿನಕ್ಕೆ ಎಷ್ಟು ಕಿ.ಮೀ. ಅಂತ ಲೆಕ್ಕ ಹಾಕಬೇಡಿ, ಎಷ್ಟು ಲಾಕ್ ಅಂತ ಹಾಕಿ. ಗಿಲ್ಡ್‌ಫರ್ಡ್‌ನಿಂದ ವೇಬ್ರಿಡ್ಜ್‌ಗೆ ಹತ್ತಕ್ಕೂ ಹೆಚ್ಚು ಸಲ ದೋಣಿ ಎತ್ತಿ ದಾಟಿಸಬೇಕು. ಒಂದೊಂದಕ್ಕೆ 10–15 ನಿಮಿಷ. ಮಗು ಜೊತೆಗೆ ಬೇಡವೇ ಬೇಡ.

ಉತ್ತರ 2: ಮೊದಲ ಸಲಕ್ಕೆ ಗಾಡಲ್ಮಿಂಗ್‌ನಿಂದ ಗಿಲ್ಡ್‌ಫರ್ಡ್‌ಗೇ ಹೋಗಿ, ಹರಿವಿನ ಜೊತೆಗೆ. ಫಾರ್ನ್‌ಕಮ್ ಸ್ಟೇಷನ್‌ನಲ್ಲಿ ಇಳಿದು ಕ್ಯಾಟ್ಸ್‌ಹಾಲ್ ಲಾಕ್‌ನ ಕೆಳಗೆ ನೀರಿಗಿಳಿಸಿ. ದಾರಿಯಲ್ಲಿ ಅನ್‌ಸ್ಟೆಡ್, ಸೇಂಟ್ ಕ್ಯಾಥರೀನ್ಸ್ ಎರಡೇ ಲಾಕ್. ಮಿಲ್‌ಮೀಡ್ ಲಾಕ್‌ಗೆ ಮುಂಚೆಯೇ ದಡ ಹತ್ತಿಬಿಟ್ಟರೆ ಮೂರನೆಯದು ತಪ್ಪುತ್ತೆ. ಗಿಲ್ಡ್‌ಫರ್ಡ್ ಸ್ಟೇಷನ್ ಅಲ್ಲಿಂದ ನಡಿಗೆಯಲ್ಲೇ. ಊಟ, ಫೋಟೋ ಎಲ್ಲ ಸೇರಿ ನಾಲ್ಕು ಗಂಟೆ ಇಟ್ಟುಕೊಳ್ಳಿ.

ಅಪಾಯ ಇರುವುದು ಲಾಕ್‌ನಲ್ಲಲ್ಲ, ಅದರ ಮಗ್ಗುಲಿನ ಒಡ್ಡಿನಲ್ಲಿ. ಬೋರ್ಡಿನಲ್ಲಿ "ವಿಯರ್" ಅಂತ ಇರುತ್ತೆ. ಮೇಲಿನಿಂದ ನೋಡಿದರೆ ನೀರು ನುಣ್ಣಗೆ ಗಾಜಿನ ಹಾಗೆ ಕಾಣುತ್ತೆ, ಸದ್ದು ಕೇಳುವಷ್ಟರಲ್ಲಿ ಹತ್ತಿರ ಬಂದಿರುತ್ತೀರಿ. ಒಡ್ಡಿನ ಬುಡದಲ್ಲಿ ನೀರು ಮಗುಚಿ ಮತ್ತೆ ಒಡ್ಡಿನ ಕಡೆಗೇ ಉರುಳುತ್ತೆ. ಆ ಸುಳಿಗೆ ಸಿಕ್ಕವರಿಗೆ ಲೈಫ್ ಜಾಕೆಟ್ ಇದ್ದರೂ ಹೊರಬರುವುದು ಕಷ್ಟ. ಲಾಕ್ ಕಡೆಗೆ ತೋರಿಸುವ ಫಲಕ ಕಂಡ ಕೂಡಲೇ ಆ ದಡಕ್ಕೆ ಅಂಟಿಕೊಳ್ಳಿ.

ಹತ್ತುವ ಕಟ್ಟೆ ದೊಡ್ಡ ದೋಣಿಗಳ ಎತ್ತರಕ್ಕಿರುತ್ತೆ, ಅಲ್ಲೇ ಜನ ನೀರಿಗೆ ಬೀಳೋದು. ಕಯಾಕ್‌ನ ಮೂತಿಯನ್ನು ಹರಿವಿಗೆ ಎದುರು ತಿರುಗಿಸಿ ನಿಲ್ಲಿಸಿ. ಮುಂದಿನವರು ಕಟ್ಟೆ ಹಿಡಿದುಕೊಳ್ಳಲಿ, ಹಿಂದಿನವರು ಹೊಟ್ಟೆ ಕಟ್ಟೆಗೆ ತಾಗುವಂತೆ ಮೊದಲು ಹತ್ತಲಿ. ಎದ್ದು ನಿಲ್ಲಬೇಡಿ. ಮೂತಿಗೆ 3 ಮೀಟರ್ ಹಗ್ಗ ಕಟ್ಟಿರಿ, ಇಲ್ಲದಿದ್ದರೆ ಇಬ್ಬರೂ ದಡದಲ್ಲಿ, ದೋಣಿ ಒಡ್ಡಿನ ಕಡೆಗೆ.

ಉತ್ತರ 3: ಲೈಸೆನ್ಸ್ ಬೇಕು. ಈ ನದಿದಾರಿ 1964ರಿಂದ ನ್ಯಾಷನಲ್ ಟ್ರಸ್ಟ್ (ಪಾರಂಪರಿಕ ತಾಣಗಳನ್ನು ನೋಡಿಕೊಳ್ಳುವ ಸಂಸ್ಥೆ) ಕೈಯಲ್ಲಿದೆ, ಗಾಡಲ್ಮಿಂಗ್ ಭಾಗ 1968ರಿಂದ. ಅವರ ಹತ್ತಿರ ಸಣ್ಣ ಅವಧಿಯ ಲೈಸೆನ್ಸ್ ತಗೊಳ್ಳಬಹುದು, ಅಥವಾ ಪ್ಯಾಡಲ್ ಯುಕೆ (ಹುಟ್ಟು ಹಾಕುವ ದೋಣಿಯವರ ಸಂಘ) ಸದಸ್ಯತ್ವ. ಸದಸ್ಯತ್ವದಲ್ಲಿ ಬೇರೆ ಎಷ್ಟೋ ನದಿ ಕಾಲುವೆಗಳೂ ಸೇರುತ್ತವೆ. ಆಯಾ ವರ್ಷದ ಪಟ್ಟಿ ನೋಡಿಕೊಂಡು ದುಡ್ಡು ಕಟ್ಟಿ.

ಉತ್ತರ 4: ನಿಂತು ಹುಟ್ಟು ಹಾಕುವ ಬೋರ್ಡ್ ತರುವವರಿಗೆ ಒಂದು ಮಾತು, ದಯವಿಟ್ಟು ಹಗುರಾಗಿ ತಗೋಬೇಡಿ. ಬೋರ್ಡಿನಿಂದ ಕಾಲಿಗೆ ಕಟ್ಟುವ ಹಗ್ಗ ಇಲ್ಲಿ ಬೇಡ. ಬಾಗಿದ ಮರದ ಕೊಂಬೆಗೋ ಕಂಬಕ್ಕೋ ಹಗ್ಗ ಸಿಕ್ಕಿಕೊಂಡರೆ ಹರಿವಿನ ಒತ್ತಡಕ್ಕೆ ಬಗ್ಗಿ ಕಾಲಿನ ಪಟ್ಟಿ ಬಿಚ್ಚಲಾಗದು. ಹಗ್ಗ ಕಟ್ಟಲು ಸೊಂಟದ ಬೆಲ್ಟ್, ಎಳೆದರೆ ತಕ್ಷಣ ಬಿಡುವಂಥದ್ದೇ ಬೇಕು. ಮನೆಯಲ್ಲಿ ಕಣ್ಣು ಮುಚ್ಚಿ ಎಡಗೈ, ಬಲಗೈ ಎರಡರಲ್ಲೂ ಎಳೆದು ಅಭ್ಯಾಸ ಮಾಡಿ.

ಕೇಳಿದವರು: ತುಂಬಾ ಉಪಕಾರವಾಯಿತು. ಮಳೆ ಬಂದಮೇಲೆ ಎಷ್ಟು ದಿನ ಬಿಡಬೇಕು? ಮನೆಯವರು ಗಾಳ ಹಾಕಬಹುದಾ ಅಂತಲೂ ಕೇಳ್ತಿದ್ದಾರೆ.

ಉತ್ತರ 2: ದಿನದ ಲೆಕ್ಕ ಇಲ್ಲ ಮೇಡಂ. ಎನ್ವಿರಾನ್ಮೆಂಟ್ ಏಜೆನ್ಸಿ (ಸರ್ಕಾರದ ಪರಿಸರ ಸಂಸ್ಥೆ) ನದಿ ಮಟ್ಟದ ಗ್ರಾಫ್ ಹಾಕುತ್ತೆ, ಗೆರೆ ಇನ್ನೂ ಏರುತ್ತಿದ್ದರೆ ಹೊರಡಬೇಡಿ. ನ್ಯಾಷನಲ್ ಟ್ರಸ್ಟ್‌ನ ಎಚ್ಚರಿಕೆಯನ್ನೂ ನೋಡಿ. ದಡಕ್ಕೆ ಹೋದಮೇಲೆ ಒಂದು ಕಡ್ಡಿ ಎಸೆದು ಅದರ ಜೊತೆ ನಡೆಯಿರಿ. ಬಿರುಸಾಗಿ ನಡೆದರೂ ಕಡ್ಡಿ ಮುಂದೆ ಹೋದರೆ ವಾಪಸ್ ಬನ್ನಿ.

ಉತ್ತರ 5: ಗಾಳಕ್ಕೆ ಎರಡು ಅನುಮತಿ: 13 ವರ್ಷ ದಾಟಿದವರಿಗೆ ಏಜೆನ್ಸಿಯ ರಾಡ್ ಲೈಸೆನ್ಸ್, ಆಮೇಲೆ ಆ ದಡದ ಹಕ್ಕಿರುವ ಕ್ಲಬ್ಬಿನ ಚೀಟಿ. ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಯಲ್ಲಿ ಹಿಡಿಯುವಂತಿಲ್ಲ.

ಇನ್ನೊಂದು, ಮನೆಗೆ ಬಂದು ಕಯಾಕ್‌ನ ಮಡಿಕೆ, ಅಡಿಯ ರೆಕ್ಕೆ, ಬ್ಯಾಗಿನ ಮೂಲೆ ಎಲ್ಲ ತೊಳೆದು ಪೂರ್ತಿ ಒಣಗಿಸಿ. ತೇಲುವ ಪೆನ್ನಿವರ್ಟ್ ಅನ್ನೋ ಕಳೆ ಈ ನದಿಯಲ್ಲಿದೆ. ಬೆರಳುದ್ದದ ತುಂಡು ಸಾಕು, ಮುಂದಿನ ವಾರ ನೀವು ಇಳಿಯುವ ಕಾಲುವೆಯಲ್ಲಿ ಅದು ಚಿಗುರುತ್ತೆ.