ಮೆಟ್ರೊ ಬಿಟ್ಟು ಸ್ಕೂಟರ್ ಹಿಡಿದದ್ದು ಲೆಕ್ಕಕ್ಕೆ ಸರಿಯೇ?

ಪ್ರಶ್ನೆ:
ಬೆಂಗಳೂರಿನಲ್ಲಿ ನನ್ನ ಮನೆಯಿಂದ ಕಚೇರಿಗೆ 14 ಕಿಲೋಮೀಟರ್. 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ ಮೇಲೂ ಕೆಲವು ತಿಂಗಳು ಹೇಗೋ ಮುಂದುವರಿಸಿದೆ. ಈಗ ಸ್ಮಾರ್ಟ್ ಕಾರ್ಡ್‌ನಲ್ಲಿ ಒಂದು ಕಡೆಗೆ 57 ರೂಪಾಯಿ ಕಡಿತವಾಗುತ್ತದೆ. ಮನೆಯಿಂದ ನಿಲ್ದಾಣಕ್ಕೆ ಮೀಟರ್ ಹಾಕುವ ಆಟೊ ಸಿಕ್ಕಿದರೆ 36. ಹೋಗಿ ಬರಲು ಒಟ್ಟು 186 ರೂಪಾಯಿ. ಸ್ಕೂಟರಿನಲ್ಲಿ ಹೋದರೆ ಪೆಟ್ರೋಲಿಗೆ ದಿನಕ್ಕೆ ಸುಮಾರು 65 ರೂಪಾಯಿ ಸಾಕು, ಕಚೇರಿಯಲ್ಲಿ ವಾಹನ ನಿಲುಗಡೆ ಉಚಿತ. ಸಮಯ ಎರಡರಲ್ಲೂ ಹೆಚ್ಚುಕಡಿಮೆ ಒಂದು ಗಂಟೆ. ತಿಂಗಳಿಗೆ ಎರಡೂವರೆ ಸಾವಿರಕ್ಕೂ ಹೆಚ್ಚು ಉಳಿಯುತ್ತದೆಂದು ಸ್ಕೂಟರಿಗೆ ಮರಳಿದ್ದೇನೆ. ನನ್ನ ಲೆಕ್ಕದಲ್ಲಿ ಏನಾದರೂ ಬಿಟ್ಟುಹೋಗಿದೆಯೇ?

ಉತ್ತರ 1:
ಬಿಟ್ಟುಹೋಗಿದೆ, ಆದರೆ ನೀವು ಹೆದರಬೇಕಾದಷ್ಟು ಅಲ್ಲ. ಸಾಮಾನ್ಯವಾಗಿ ಇಂಥ ಪ್ರಶ್ನೆಗೆ ಸ್ಕೂಟರಿನ ಬೆಲೆ, ವಿಮೆ, ರಸ್ತೆ ತೆರಿಗೆ ಎಲ್ಲವನ್ನೂ ಕಿಲೋಮೀಟರಿಗೆ ಹಂಚಿ, ಮೆಟ್ರೊವೇ ಅಗ್ಗವೆಂದು ತೋರಿಸುವವರಿದ್ದಾರೆ. ಅದು ತಪ್ಪು. ಸ್ಕೂಟರ್ ಮನೆಯ ಮುಂದೆ ನಿಂತಿದ್ದರೂ ವಿಮೆಯ ಕಂತನ್ನು ಕಟ್ಟಲೇಬೇಕಾದ್ದರಿಂದ, ಇವತ್ತು ಅದನ್ನು ಹೊರಗೆ ತೆಗೆಯಬೇಕೇ ಬೇಡವೇ ಎಂಬ ತೀರ್ಮಾನದಲ್ಲಿ ಆ ಖರ್ಚಿಗೆ ಜಾಗವಿಲ್ಲ. ಓಡಿದಷ್ಟೂ ಸವೆಯುವ ಟೈರು, ಬೆಲ್ಟು, ಸರ್ವಿಸು, ಮರುಮಾರಾಟದಲ್ಲಿ ಇಳಿಯುವ ಬೆಲೆ ಇವುಗಳನ್ನು ಮಾತ್ರ ಸೇರಿಸಬೇಕು. ನನ್ನ ಸ್ಕೂಟರಿನ ಅನುಭವದಲ್ಲಿ ಅದು ಕಿಲೋಮೀಟರಿಗೆ ಒಂದೂಕಾಲು ರೂಪಾಯಿ, ಅಂದರೆ ನಿಮಗೆ ದಿನಕ್ಕೆ 35. ಹಾಗಾಗಿ ನಿಜವಾದ ಹೋಲಿಕೆ 100ಕ್ಕೂ 186ಕ್ಕೂ ನಡುವೆ.

ಆದರೆ ಆ 186ರಲ್ಲಿ 72 ರೂಪಾಯಿ ಆಟೊಕ್ಕೇ ಹೋಗುತ್ತಿದೆ ಎಂಬುದನ್ನು ಗಮನಿಸಿ. ನಿಲ್ದಾಣದವರೆಗೆ ಮಾತ್ರ ಸ್ಕೂಟರಿನಲ್ಲಿ ಹೋಗಿ, ನಿಲುಗಡೆಗೆ 30 ರೂಪಾಯಿ ಕೊಟ್ಟರೂ, ಪೆಟ್ರೋಲು ಸವಕಳಿ ಸೇರಿ ದಿನದ ಖರ್ಚು 158ಕ್ಕೆ ಇಳಿಯುತ್ತದೆ. ಉಳಿಯುವ 58 ರೂಪಾಯಿ ವ್ಯತ್ಯಾಸಕ್ಕೆ ದಿನಕ್ಕೆರಡು ಬಾರಿ ಸಿಗ್ನಲ್‌ಗಳಲ್ಲಿ ಹೊಗೆ ಕುಡಿಯಲು ನೀವು ಸಿದ್ಧರೋ ಎಂಬುದು ನಿಮಗೆ ಬಿಟ್ಟದ್ದು.

ಉತ್ತರ 2:
ಹಣವೊಂದೇ ತೀರ್ಮಾನಿಸುವುದಾಗಿದ್ದರೆ ನಾನು ಮೆಟ್ರೊ ಹತ್ತುವ ಪ್ರಶ್ನೆಯೇ ಬರುತ್ತಿರಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಾದ ನಮಗೆ ಸಾಮಾನ್ಯ ಬಸ್ಸುಗಳು ಉಚಿತ. ಆದರೂ ಬೆಳಿಗ್ಗೆ ಹತ್ತು ಗಂಟೆಗೆ ಸಭೆಯಿರುವ ದಿನ ಟಿಕೆಟಿಗೆ ದುಡ್ಡು ಕೊಟ್ಟು ಮೆಟ್ರೊದಲ್ಲೇ ಹೋಗುತ್ತೇನೆ. ಸಂಜೆ ಅವಸರವಿಲ್ಲದ್ದರಿಂದ ಬಸ್ಸು. ನಮ್ಮ ನಿಲ್ದಾಣದಲ್ಲಿ ಬಸ್ಸು ಒಮ್ಮೆ ಐದು ನಿಮಿಷಕ್ಕೆ ಬಂದರೆ ಇನ್ನೊಮ್ಮೆ ಮೂವತ್ತೈದು ನಿಮಿಷಕ್ಕೆ, ಅದೂ ಒಂದೇ ನಂಬರಿನ ಎರಡು ಬಸ್ಸುಗಳು ಒಂದರ ಬೆನ್ನಿಗೊಂದು. ಸರಾಸರಿ ಎಷ್ಟೆಂಬುದರಿಂದ ನನಗೆ ಪ್ರಯೋಜನವಿಲ್ಲ, ಆ ಮೂವತ್ತೈದು ನಿಮಿಷದ ದಿನ ಇವತ್ತೇ ಆಗಿಬಿಟ್ಟರೆ ಎಂಬ ಭಯಕ್ಕೆ ನಾನು ಕೊಡುವ ಬೆಲೆ ಆ ಟಿಕೆಟು.

ಉತ್ತರ 3:
ಮೇಲಿನವರು ಹೇಳಿದ್ದನ್ನೇ ಸಾರಿಗೆ ಅರ್ಥಶಾಸ್ತ್ರಜ್ಞರು ಅಳೆದು ನೋಡಿದ್ದಾರೆ: ವಾಹನದೊಳಗೆ ಕುಳಿತು ಕಳೆಯುವ ಒಂದು ನಿಮಿಷಕ್ಕಿಂತ ಕಾಯುತ್ತಾ ನಿಲ್ಲುವ ಒಂದು ನಿಮಿಷ ಜನರಿಗೆ ಸುಮಾರು ಎರಡರಷ್ಟು ಭಾರವಾಗುತ್ತದೆ. 1970ರ ದಶಕದ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಬಾರ್ಟ್ ರೈಲು ಶುರುವಾಗುವ ಮುನ್ನ, ಕೆಲಸಕ್ಕೆ ಹೋಗುವವರಲ್ಲಿ ಶೇ 15ರಷ್ಟು ಮಂದಿ ಅದನ್ನು ಬಳಸುತ್ತಾರೆಂದು ಅಧಿಕೃತ ಅಂದಾಜಿತ್ತು. ನಡಿಗೆ, ಕಾಯುವಿಕೆ, ಖರ್ಚು ಪ್ರತಿಯೊಂದಕ್ಕೂ ಬೇರೆಬೇರೆ ತೂಕ ಕೊಟ್ಟು ಲೆಕ್ಕ ಹಾಕಿದ ಡೇನಿಯಲ್ ಮ್ಯಾಕ್‌ಫ್ಯಾಡನ್ ಅವರ ತಂಡ ಹೇಳಿದ್ದು ಶೇ 6.3. ಕೊನೆಗೆ ಬಂದದ್ದು ಶೇ 6.2. ಅವರಿಗೆ 2000ದಲ್ಲಿ ನೊಬೆಲ್ ಬಂತು.

ಆದ್ದರಿಂದ ದರ ಏರಿಕೆಯೊಂದನ್ನೇ ದೂರುವುದು ನನಗೆ ಒಪ್ಪಿಗೆಯಿಲ್ಲ. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದ ಹಳದಿ ಮಾರ್ಗ ಮೂರೇ ರೈಲುಗಳೊಂದಿಗೆ, 25 ನಿಮಿಷಕ್ಕೊಂದರಂತೆ ಆರಂಭವಾಯಿತು; ಅಂಥ ಕಡೆ ಹತ್ತು ರೂಪಾಯಿ ಇಳಿಸುವುದಕ್ಕಿಂತ ಒಂದು ರೈಲು ಹೆಚ್ಚಿಸುವುದೇ ಪ್ರಯಾಣಿಕನಿಗೆ ಹೆಚ್ಚು ಲಾಭ. ಇನ್ನು ದಟ್ಟಣೆಯಿಲ್ಲದ ಹೊತ್ತಿನ ಹೆಚ್ಚುವರಿ ಶೇ 5 ರಿಯಾಯಿತಿಯಿಂದ ಪ್ರಶ್ನೆ ಕೇಳಿದವರಿಗೆ ಉಳಿಯುವುದು ಮೂರು ರೂಪಾಯಿ. ಮೂರು ರೂಪಾಯಿಗಾಗಿ ಯಾರೂ ತಿಂಡಿ ಬಿಟ್ಟು ಬೇಗ ಹೊರಡುವುದಿಲ್ಲ.

ಉತ್ತರ 4:
ಎಲ್ಲರೂ ಪ್ರಯಾಣಿಕನ ಜೇಬನ್ನೇ ನೋಡುತ್ತಿದ್ದೀರಿ. ಒಬ್ಬರು ಸ್ಕೂಟರ್ ಹತ್ತಿದಾಗ ಹಿಂದಿರುವ ನೂರಾರು ಮಂದಿಗೆ ಕೆಲವು ಕ್ಷಣಗಳಷ್ಟು ತಡವಾಗುತ್ತದೆ, ಅದರ ಬಿಲ್ಲು ಸ್ಕೂಟರಿನವರ ಕೈಗೆ ಬರುವುದಿಲ್ಲ. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ ಪ್ರತಿಪಾದಿಸಿದ ದಟ್ಟಣೆ ಶುಲ್ಕದ, ಅಂದರೆ ದಟ್ಟಣೆಯ ರಸ್ತೆಗಿಳಿಯುವ ವಾಹನಗಳಿಂದ ಪಡೆಯುವ ಶುಲ್ಕದ ತಿರುಳು ಇದೇ. ಸಿಂಗಪುರ ಇದನ್ನು 1975ರಲ್ಲೇ ಆರಂಭಿಸಿತು, ಲಂಡನ್ 2003ರಲ್ಲಿ 5 ಪೌಂಡಿನೊಂದಿಗೆ. ಲಂಡನ್ನಿನಲ್ಲಿ ದ್ವಿಚಕ್ರ ವಾಹನಗಳಿಗೆ ಆ ಶುಲ್ಕ ಇಲ್ಲವಾದ್ದರಿಂದ ನಮ್ಮ ಪ್ರಶ್ನೆಕಾರರು ಅಲ್ಲಿಯೂ ಪಾರಾಗುತ್ತಿದ್ದರು! ಒಬ್ಬನೇ ಕುಳಿತ ಕಾರಿಗೆ ಹೋಲಿಸಿದರೆ ಸ್ಕೂಟರ್ ಆಕ್ರಮಿಸುವ ಜಾಗ ಕಡಿಮೆಯೆಂಬುದೂ ನಿಜ. ಆದರೆ ನಮ್ಮಲ್ಲಿ ರಸ್ತೆಯ ಬಳಕೆಗೆ ಬೆಲೆಯೇ ಇಲ್ಲದಿರುವಾಗ ಮೆಟ್ರೊ ಮಾತ್ರ ತನ್ನ ಖರ್ಚನ್ನು ಗೇಟಿನಲ್ಲೇ ವಸೂಲು ಮಾಡಹೊರಟರೆ, ಜನ ಯಾವ ಕಡೆ ಸರಿಯುತ್ತಾರೆಂದು ಊಹಿಸಲು ಯಾವ ಸೂತ್ರವೂ ಬೇಕಿಲ್ಲ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಧನ್ಯವಾದಗಳು. ಮೊದಲ ಉತ್ತರದಂತೆ ಸ್ಕೂಟರನ್ನು ನಿಲ್ದಾಣದಲ್ಲಿ ಬಿಟ್ಟು ಮೂರು ದಿನ ಹೋಗಿ ನೋಡಿದೆ. ಎರಡು ದಿನ ಚೆನ್ನಾಗಿಯೇ ನಡೆಯಿತು. ಮೂರನೆಯ ದಿನ ಒಂಬತ್ತಕ್ಕೆ ಕಾಲು ಗಂಟೆ ಮೊದಲೇ ನಿಲುಗಡೆ ಜಾಗ ಭರ್ತಿಯಾಗಿ, ಕಾವಲಿನವರು ಕೈಯಾಡಿಸಿ ಕಳುಹಿಸಿದ್ದರಿಂದ ಅದೇ ಸ್ಕೂಟರಿನಲ್ಲಿ ನೇರವಾಗಿ ಕಚೇರಿಗೇ ಹೋದೆ. ಎಂಟಕ್ಕೆ ಮೊದಲೇ ತಲುಪಿದರೆ ಜಾಗವೂ ಸಿಗುತ್ತದೆ, ಆ ಮೂರು ರೂಪಾಯಿಯೂ ಉಳಿಯುತ್ತದೆ ಎಂದು ಮನೆಯಲ್ಲಿ ಹೇಳಿ ನೋಡಿದ್ದೇನೆ. ತಿಂಡಿಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.