ಕಾಕಾನ ಕೋಟು

"ಲೇ, ಮಿರ್ಚಿ ಆರಿ ಹೋಗ್ತೈತಿ. ಅದರ ಪಾಸ್‌ಪೋರ್ಟ್ ಫೋಟೋ ತಗದು ಎಲ್ಲಿಗೆ ಕಳಸಾಂವ ಅದೀ? ದುಬೈಗೆ?"

ಬಾಗಲಕೋಟೆ ನವನಗರದ ಚಹಾದಂಗಡಿ ಮುಂದಿನ ಬಾಕಿನ ಮೇಲೆ ನಮ್ಮ ಸಂಜೆಯ ಸಭೆ ಶುರುವಾದದ್ದು ಹೀಗೆ. ಕೇಳಿದವರು ಸ್ಟುಡಿಯೋ ಕಾಕಾ. ಮಿರ್ಚಿ ಭಜಿಗೆ ಮೊಬೈಲ್ ಹಿಡಿದು ಬಗ್ಗಿದ್ದವನು ನಮ್ಮ ಕಾಂಟ್ರಾಕ್ಟರ.

"ಇನ್‌ಸ್ಟಾದಾಗ ಹಾಕ್ತೀನಿ ಕಾಕಾ."

"ಹಾಕಪಾ, ಹಾಕು. ನನ್ನ ಅಂಗಡಿ ಶಟರ್ ಎಳಿಸಿದ್ದರಾಗ ನನ್ನ ಮುಂದಽ ಕುಂತು ಹಾಕು."

ಮಾಸ್ತರ್ರು ಕನ್ನಡಕ ಒರೆಸಿಕೊಂಡರು. ಅವರು ಕನ್ನಡಕ ಒರೆಸಿದರೆ ಪಾಠ ಶುರು ಅಂತಲೇ ಅರ್ಥ. "ಕಾಕಾ, ಸುಮ್ನ ಸಿಟ್ಟಾಗಬ್ಯಾಡ್ರಿ. ನಿಮ್ಮ ಫಿಲ್ಮ್ ರೋಲ್ ಮಾಡೋ ಕೊಡ್ಯಾಕ್ ಕಂಪನಿಯವರಽ ಮದಲ ತೆಗ್ಗು ತೋಡಿದ್ರು. 1975ರಾಗ ಅಲ್ಲಿ ಇಂಜಿನಿಯರ್ ಸ್ಟೀವ್ ಸ್ಯಾಸನ್ ಡಿಜಿಟಲ್ ಕ್ಯಾಮರಾ ಮಾಡಿದ್ದ. ಮೂರೂವರಿ ಕಿಲೋಕ್ಕಿಂತ ಹೆಚ್ಚು ತೂಕ. ಒಂದು ಕಪ್ಪು-ಬಿಳಿ ಫೋಟೋ ಕ್ಯಾಸೆಟ್ಟಿನಾಗ ಇಳಿಯಾಕ 23 ಸೆಕೆಂಡ್."

"ಅಷ್ಟೊತ್ತಿಗೆ ನಮ್ಮ ಕಡೆ ಅಕ್ಕಿಕಾಳು ಬಿದ್ದು ಮಂದಿ ಊಟದ ಪಂಕ್ತಿಗೆ ಓಡಿರ್ತಾರ."

"ಕೇಳ್ರಿ ಇಲ್ಲೆ. ರೋಲ್ ಮಾರೋ ಧಂದೆ ಕೆಡ್ತೈತಿ ಅಂತ ದೊಡ್ಡ ಸಾಹೇಬ್ರು ಅದನ್ನ ಮುಂದ ತರಲಿಲ್ಲ. 2012ರ ಜನವರಿಯಾಗ ದಿವಾಳಿ ಅರ್ಜಿ ಹಾಕಿದ್ರು. ಅದಽ ಏಪ್ರಿಲ್‌ನ್ಯಾಗ, ಒಂದೂವರಿ ವರ್ಷದ ಕೂಸು ಇನ್‌ಸ್ಟಾಗ್ರಾಂಗೆ ಫೇಸ್‌ಬುಕ್‌ನವರು ನೂರು ಕೋಟಿ ಡಾಲರ್ ಕೊಡ್ತೀವಿ ಅಂದ್ರು. ಅಲ್ಲಿ ಕೆಲಸಕ್ಕ ಎಷ್ಟು ಮಂದಿ ಇದ್ರು ಗೊತ್ತೇನು? 13."

"ಹದಿಮೂರಽ? ನಮ್ಮಲ್ಲಿ ಗ್ರೂಪ್ ಫೋಟೋಕ್ಕ ಬರೇ ಬೀಗರ ಕಡಿಯವರಽ ಇಪ್ಪತ್ತು ಮಂದಿ ನಿಂದರ್ತಾರ."

ಕಾಕಾನ ಸ್ಟುಡಿಯೋ ಮೊದಲು ಹಳೇ ಊರಿನ ಓಣಿಯೊಳಗಿತ್ತು. ನಾನು ಎಸ್ಸೆಸ್ಸೆಲ್ಸಿ ಫೋಟೋಕ್ಕೆ ಹೋದದ್ದು ಅಲ್ಲಿಗೇ. ಮಹಡಿ ಮೆಟ್ಟಿಲು, ಕೊಳ, ಹಂಸ ಬರೆದ ಪರದೆ. ಕನ್ನಡಿ ಪಕ್ಕ ದಾರಕ್ಕೆ ಕಟ್ಟಿದ ಬಾಚಣಿಕೆ. ನಡುವಿನ ನಾಲ್ಕು ಹಲ್ಲು ಇರಲಿಲ್ಲ, ಹಾಗಾಗಿ ಊರಿನ ಗಂಡಸರಿಗೆಲ್ಲ ಒಂದೇ ಜಾಗದಲ್ಲಿ ಬೈತಲೆ ಕೆಡುತ್ತಿತ್ತು. ಒಂದು ಪೌಡರ್ ಡಬ್ಬಿ. ಮೊಳೆಗೆ ಒಂದು ಕರಿ ಕೋಟು, ಜೊತೆಗೆ ಗಂಟು ಬಿಚ್ಚದ ಟಾಯ್. ಆ ಕೋಟು ಯಾರ ಅಳತೆಯದೂ ಅಲ್ಲ, ಎಲ್ಲರ ಅಳತೆಯದೂ ಹೌದು. ಬಡಕಲು ಆಸಾಮಿ ಬಂದರೆ ಕಾಕಾ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ ಹಾಕಿ ಬಿಗಿ ಮಾಡುತ್ತಿದ್ದರು. ಮುಂದಿನಿಂದ ನೋಡಿದರೆ ಬ್ಯಾಂಕ್ ಮ್ಯಾನೇಜರ್, ಹಿಂದಿನಿಂದ ನೋಡಿದರೆ ಒಣಹಾಕಿದ ಅರಿವೆ.

"ಆಗ ಒಂದು ರೋಲಿಗೆ 36 ಫೋಟೋ," ಕಾಕಾ ಶುರು ಮಾಡಿದರು. "ಮದುವಿಗೆ ಮೂರು ರೋಲ್ ಅಂತ ಮಾತಾಗಿರ್ತಿತ್ತು. ಬಂದವರೆಲ್ಲಾ ಸ್ಟೇಜ್ ಹತ್ತಿ ನಂದೊಂದು ತಗೀರಿ, ನಂದೊಂದು ತಗೀರಿ. ಏನ್ ಮಾಡೂದು? ಬರೇ ಫ್ಲಾಶ್ ಹೊಡದು ಕಳಸ್ತಿದ್ದೆ."

"ಅಂದ್ರ?"

"ಬೆಳಕು ಬಿತ್ತು, ಅವರಿಗೆ ಸಮಾಧಾನ ಆತು. ರೋಲ್ ಉಳೀತು."

ಕಾಂಟ್ರಾಕ್ಟರ ಮೊಬೈಲ್ ಕೆಳಗಿಟ್ಟ. "ಹಂಗಾರ ನಮ್ಮಣ್ಣನ ಮದುವಿ ಆಲ್ಬಮ್‌ನ್ಯಾಗ ನಮ್ಮ ಸ್ವಾದರಮಾವ ಒಂದರಾಗೂ ಇಲ್ಲಲ್ಲಾ, ಅದು..."

"ನಿಮ್ಮ ಮಾವ ಒಂಬತ್ತು ಸಲ ಸ್ಟೇಜ್ ಹತ್ತಿದ್ದನಪಾ."

"ಅಂವ ಇವತ್ತಿಗೂ ನಮ್ಮಪ್ಪನ ಕೂಡ ಮಾತಾಡೂದಿಲ್ಲ ಕಾಕಾ!"

ಕಾಕಾ ಸೂಸಲಾ ಬಾಯಿಗೆ ಹಾಕಿಕೊಂಡು ವಿಷಯ ಬದಲಿಸಿದರು. "ಇನ್ನೊಂದು ಸಂಕಟ ಹೇಳ್ತೀನಿ. ಹೈಪೋ ಅನ್ನೋ ಔಷಧದಾಗ ಫೋಟೋ ಸರಿ ತೊಳೀಲಿಲ್ಲ ಅಂದ್ರ ಸ್ವಲ್ಪ ದಿನಕ್ಕ ಹಳದಿ ಆಗ್ತಿತ್ತು. ಗಿರಾಕಿ ತಂದು ನನ್ನ ಮಾರಿಗೆ ಒಗದು ಹೋಗ್ತಿದ್ದ. ಈಗ ಹುಡುಗರು ಚಲೋ ಇದ್ದ ಫೋಟೋಕ್ಕ ತಾವಽ ಆ ಹಳದಿ ಬಳೀತಾರ. ಫಿಲ್ಟರ್ ಅಂತ! ನನ್ನ ತಪ್ಪಿಗೆ ಲೈಕ್ ಒತ್ತಿಸ್ಕೋತಾರ. ಚೌಕ ಫೋಟೋನೂ ಅಷ್ಟ. ನಮ್ಮ ಯಾಷಿಕಾ ಡಬ್ಬಿ ಕ್ಯಾಮರಾದಾಗ ಹನ್ನೆರಡು ಬರ್ತಿದ್ದು, ಎಲ್ಲಾ ಚೌಕ."

"ಇನ್‌ಸ್ಟಾಗ್ರಾಂ 2015ರ ತನಕ ಚೌಕ ಬಿಟ್ಟು ಬ್ಯಾರೆ ತಗೋತಿದ್ದಿಲ್ಲ," ಮಾಸ್ತರ್ರು ಅಂಕ ಹಾಕಿದರು. "ಆದ್ರ ಕಾಕಾ, ಖರೇ ಹೇಳ್ರಿ. ನಿಮ್ಮ ಹೊಟ್ಟಿ ತುಂಬಿಸಿದ್ದು ಕ್ಯಾಮರಾನೋ, ಕಾಪಿನೋ?"

ಕಾಕಾ ಸ್ವಲ್ಪ ಹೊತ್ತು ಸುಮ್ಮನಾದರು. "ಕಾಪಿ."

ಅದು ಖರೆ. ತೆಗೆಯುವುದು ಒಂದೇ ಸಲ. ಅತ್ತಿಗೊಂದು, ಸೊಲ್ಲಾಪುರದ ಬೀಗರಿಗೊಂದು, ಪುಣೆಯ ಚಿಗವ್ವಗೊಂದು ಅಂತ ತೊಳೆದುಕೊಟ್ಟಷ್ಟೂ ರೊಕ್ಕ. ಮೊಬೈಲ್ ಬಂದು ಕ್ಯಾಮರಾ ಕಸಿದಾಗ ಕಾಕಾ ಹೆಂಗೋ ತಡೆದುಕೊಂಡರು. ಪ್ರಿಂಟ್ ಹಾಕಿಸಲಾದರೂ ಮಂದಿ ಬರುತ್ತಿದ್ದರು. ಫೋಟೋ ತೋರಿಸಲಿಕ್ಕೆ ಕಾಗದವೇ ಬೇಡ ಅಂತಾದ ಮೇಲೆ ಆ ದಾರಿಯೂ ಮುಚ್ಚಿತು. ಪುಣೆಯ ಚಿಗವ್ವ ಈಗ ಅಕ್ಕಿಕಾಳು ಬೀಳುವ ಮೊದಲೇ "ಸೂಪರ್" ಅಂತ ಒತ್ತಿರುತ್ತಾಳೆ.

"ಕಾಗದ ಬ್ಯಾಡ ಅನಬ್ಯಾಡ್ರಿ," ಕಾಂಟ್ರಾಕ್ಟರ ಮೆತ್ತಗಾದ. "ಹ್ವಾದ ತಿಂಗಳ ನಮ್ಮ ಮುತ್ಯಾ ತೀರಿಕೊಂಡಾಗ ಬ್ಯಾನರಿಗೆ ಒಂದು ಫೋಟೋ ಬೇಕಾತು. ನನ್ನ ಮೊಬೈಲಿನಾಗ ಎಂಟು ಸಾವಿರ ಅದಾವು. ಮುತ್ಯಾಂದು ಸಿಕ್ಕಿದ್ದು ನಾಕು. ಮೂರರಾಗ ಅರ್ಧ ಮಾರಿ. ನಾಕನೇದು ನನ್ನ ಮಗಳು ತಗದಿದ್ಲು. ಅದರಾಗ ನಾಯಿ ಕಿವಿ, ನಾಯಿ ಮೂಗು."

ಯಾರೂ ನಗಬಾರದು ಅಂತ ಎಲ್ಲರೂ ಚಹಾದ ಕಪ್ಪಿನೊಳಗೆ ಮುಖ ಇಟ್ಟೆವು. ಮೊದಲು ಫಕ್ಕನೆ ನಕ್ಕವನು ಅವನೇ.

"ಕಡೀಕ ಕಾಕಾನಽ ಕೊಟ್ರು ನೋಡ್ರಿ."

ಆಲಮಟ್ಟಿ ಹಿನ್ನೀರಿಗೆ ಓಣಿ ಮುಳುಗಡೆಯಾದಾಗ ಕಾಕಾ ಹಂಸದ ಪರದೆ ಬಿಟ್ಟು ಬಂದಿದ್ದರು. ತಂದದ್ದು ನೆಗೆಟಿವ್ ತುಂಬಿದ ಎರಡು ಟ್ರಂಕು ಮತ್ತು ಕೋಟು. ಬ್ಯಾನರಿಗೆ ಫೋಟೋ ಬೇಕಾದ ರಾತ್ರಿ ಆ ಟ್ರಂಕು ತೆಗೆದು, ಬಲ್ಬಿನ ಬೆಳಕಿಗೆ ಒಂದೊಂದನ್ನೇ ಹಿಡಿದು ನೋಡಿ ಮುತ್ಯಾನನ್ನು ಹುಡುಕಿದರು. ನಾನು ಮಾತಾಡಿಸಲು ಹೋದಾಗ ಗೋಡೆಯ ಮೇಲೆ ಮುತ್ಯಾ ಮಾಲೆ ಹಾಕಿಕೊಂಡು ಕೂತಿದ್ದ, ಕರಿ ಕೋಟಿನಲ್ಲಿ. ಪಕ್ಕದ ಮನೆಯ ಗೋಡೆಯ ಮೇಲಿನ ಅಜ್ಜನೂ ಅದೇ ಕೋಟು. ಎದುರು ಮನೆಯ ಪೋಸ್ಟ್‌ಮನ್ನನೂ ಅದೇ ಕೋಟು, ಅದೇ ಗಂಟು ಬಿಚ್ಚದ ಟಾಯ್.

ಮಾಸ್ತರ್ರು ಮತ್ತೆ ಕನ್ನಡಕ ತೆಗೆದರು, ಒರೆಸಲಿಲ್ಲ.

"ಕಾಕಾ, ಆ ಕೋಟು ಇನ್ನೂ ಐತೇನು?"

"ಐತಿ. ಯಾಕ್ರಿ?"

"ಸುಮ್ನ ಕೇಳಿದೆ. ನಂದೊಂದು ತಗದು ಇಟ್ಟುಬಿಡ್ರಿ. ಆದ್ರ ನಾ ಈಗ ಭಾಳ ಇಳದೀನಿ, ಆಗತೈತೋ ಇಲ್ಲೋ."

"ಬರ್ರಿ," ಅಂದರು ಕಾಕಾ. "ಎರಡು ಕ್ಲಿಪ್ ಹಾಕ್ತೀನಿ."