ಕಾಂಟ್ಯಾಕ್ಟ್ ಲೆನ್ಸ್ ಹಾಕಿದ ಕೂಡಲೇ ಕಣ್ಣುರಿ, ಅದೂ ಕೆಲವು ದಿನ ಮಾತ್ರ. ಯಾರಿಗಾದರೂ ಹೀಗಾಗಿದೆಯಾ?

ಹೇಮಾವತಿ_ಹಾಸನ
ತಲೆ ಕೆಟ್ಟು ಹೋಗಿದೆ. ಬೆಳಗ್ಗೆ ಲೆನ್ಸ್ ಹಾಕಿದ ಕೂಡಲೇ ಕಣ್ಣು ಉರಿ. ಚುರುಚುರು ಅಲ್ಲ, ಕಣ್ಣು ಬಿಡುವುದಕ್ಕೇ ಆಗುವುದಿಲ್ಲ, ನೀರು ಸುರಿಯುತ್ತದೆ. ತೆಗೆದಿಟ್ಟು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಓಡುತ್ತೇನೆ. ಮರುದಿನ ಅದೇ ಲೆನ್ಸ್ ಹಾಕಿದರೆ ಏನೂ ಇಲ್ಲ! ಲೆನ್ಸ್ ಹೊಸದು, ಕೇಸ್ ಹೊಸದು, ರಾತ್ರಿ ಲೆನ್ಸ್ ನೆನೆಸಿಡುವ ಸೊಲ್ಯೂಷನ್ ದುಬಾರಿಯದ್ದೇ. ಸೋಪು ಹಾಕಿ ಕೈ ತೊಳೆದೇ ಮುಟ್ಟುವುದು. ಡಾಕ್ಟರ್‌ಗೂ ತೋರಿಸಿದ್ದೇನೆ, ಕಣ್ಣು ಚೆನ್ನಾಗಿದೆ ಅಂದರು. ಹಾಗಾದರೆ ಉರಿ ಎಲ್ಲಿಂದ ಬರುತ್ತಿದೆ?

ಮೈನಸ್_ಆರು
ಪ್ರೋಟೀನ್. ಕಣ್ಣೀರಿನ ಪ್ರೋಟೀನ್ ಲೆನ್ಸ್ ಮೇಲೆ ಕೂತು ಗಟ್ಟಿಯಾಗಿದೆ. ಎಂಜೈಮ್ ಮಾತ್ರೆ ತರಿಸಿ, ವಾರಕ್ಕೊಮ್ಮೆ ಹಾಕಿ. ಅಂಗೈಯಲ್ಲಿ ಲೆನ್ಸ್ ಇಟ್ಟು ಬೆರಳಿನಿಂದ ಎರಡೂ ಕಡೆ ಉಜ್ಜುತ್ತೀರಾ? ಬಾಟಲಿ ಮೇಲೆ ‘ಉಜ್ಜಬೇಕಿಲ್ಲ’ ಅಂತ ಬರೆದಿದ್ದರೂ ಉಜ್ಜಲೇಬೇಕು.

ಕೊಪ್ಪದ_ಕಾಫಿ
ಪ್ರೋಟೀನ್ ಆದರೆ ಸಂಜೆ ಹೊತ್ತಿಗೆ ಮಂಜು ಮಂಜು, ತುರಿಕೆ. ಹಾಕಿದ ಕ್ಷಣವೇ ಉರಿ ಅಂದರೆ ಲೆನ್ಸ್‌ಗೆ ಏನೋ ಅಂಟಿದೆ. ಮೇಡಂ, ರಾತ್ರಿ ಅಡುಗೆ ನೀವೇ ಮಾಡುತ್ತೀರಾ? ಹಸಿಮೆಣಸಿನಕಾಯಿ ಹೆಚ್ಚಿದ ಕೈ ಒಂದು ಸಲ ಸೋಪಿನಲ್ಲಿ ತೊಳೆದರೆ ಸಾಲುವುದಿಲ್ಲ. ಖಾರ ಎಣ್ಣೆಯಲ್ಲಿ ಕರಗುವಂಥದ್ದು, ಉಗುರಿನ ಸಂದಿಯಲ್ಲಿ ಉಳಿದುಬಿಡುತ್ತದೆ. ರಾತ್ರಿ ತೆಗೆಯುವಾಗ ಲೆನ್ಸ್‌ಗೆ ಹತ್ತಿದ್ದು ಬೆಳಗ್ಗೆ ಕಣ್ಣಿಗೆ ಹೋಗುತ್ತದೆ.

ಹೇಮಾವತಿ_ಹಾಸನ
ಪಿಜಿಯಲ್ಲಿದ್ದೇನೆ, ಅಡುಗೆ ಮಾಡುವುದೇ ಇಲ್ಲ.

ಮೈನಸ್_ಆರು
ಹಾಗಾದರೆ ಪ್ರೋಟೀನೇ.

ಶಿರಸಿ_ಸಾವಂತ್ರಿ
ಪಿಜಿ ಅಂದಮೇಲೆ ಬೋರ್‌ವೆಲ್ ನೀರಲ್ವಾ? ಕೇಸ್ ಯಾವ ನೀರಿನಲ್ಲಿ ತೊಳೆಯುತ್ತೀರಿ? ನಾನು ಯಾವಾಗಲೂ ಕುದಿಸಿ ಆರಿಸಿದ ನೀರಿನಲ್ಲೇ ತೊಳೆಯುವುದು, ಏನೂ ತೊಂದರೆ ಬಂದಿಲ್ಲ.

ಕಣ್ಣಿನಂಗಡಿ_ರಾಜಣ್ಣ
ದಯವಿಟ್ಟು ಇದನ್ನು ಯಾರೂ ಅನುಸರಿಸಬೇಡಿ. ಲೆನ್ಸ್‌ಗೂ ಕೇಸ್‌ಗೂ ನೀರು ಸೋಕಿಸಲೇಬಾರದು. ಕಾವೇರಿ ನೀರಾಗಲಿ, ಆರ್‌ಒ ಆಗಲಿ, ಬಿಸ್ಲೇರಿ ಆಗಲಿ. ನೀರಿನಲ್ಲಿ ಅಕಾಂತಮೀಬಾ ಅನ್ನುವ ಜೀವಿ ಇರಬಹುದು. ಅದು ಗಟ್ಟಿ ಕವಚ ಕಟ್ಟಿಕೊಂಡು ಸಂಪ್‌ನಲ್ಲೂ ಟ್ಯಾಂಕ್‌ನಲ್ಲೂ ಬದುಕಿರುತ್ತದೆ. ಕಣ್ಣಿನ ಮುಂದಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾಕ್ಕೆ ಹತ್ತಿದರೆ ತಿಂಗಳುಗಟ್ಟಲೆ ಔಷಧಿ, ದೃಷ್ಟಿಯೇ ಹೋಗಬಹುದು.

ಶಿರಸಿ_ಸಾವಂತ್ರಿ
ಕುದಿಸಿದರೆ ಎಲ್ಲಾ ಸಾಯುತ್ತದಲ್ಲ ಸರ್. ಸುಮ್ನೆ ಹೆದರಿಸುತ್ತೀರಿ.

ಕಣ್ಣಿನಂಗಡಿ_ರಾಜಣ್ಣ
ಕುದಿಸಿದ ಮೇಲೆ ಆ ನೀರು ಪಾತ್ರೆಯಲ್ಲಿ ಆರುತ್ತದೆ, ಲೋಟ ಅದ್ದುತ್ತೀರಿ, ಮುಚ್ಚಳ ತೆಗೆಯುತ್ತೀರಿ. ಅಲ್ಲಿಗೆ ಶುದ್ಧ ಅನ್ನುವ ಮಾತು ಮುಗಿಯಿತು. 1980ರ ದಶಕದಲ್ಲಿ ಅಮೆರಿಕದಲ್ಲಿ ಉಪ್ಪಿನ ಮಾತ್ರೆಯನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ ಮನೆಯಲ್ಲೇ ಸಲೈನ್ ಮಾಡಿಕೊಳ್ಳುತ್ತಿದ್ದರು. ಅಂಥವರಲ್ಲಿ ಎಷ್ಟೋ ಜನಕ್ಕೆ ಇದೇ ಸೋಂಕು ಬಂತು. ಕೇಸನ್ನು ಸೊಲ್ಯೂಷನ್‌ನಲ್ಲೇ ತೊಳೆದು, ಬೋರಲು ಹಾಕಿ ಒಣಗಿಸಿ. ಮೂರು ತಿಂಗಳಿಗೊಮ್ಮೆಯಾದರೂ ಕೇಸ್ ಬದಲಿಸಿ. ಮಿಕ್ಕ ಸೊಲ್ಯೂಷನ್ ಮೇಲೆ ಹೊಸದು ಸುರಿಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಸ್ಕ್ಲೆರಲ್_ಸಂತೋಷ
ನನಗೆ ಕೆರಟೋಕೋನಸ್, ಅಂದರೆ ಕಾರ್ನಿಯಾ ಶಂಕುವಿನ ಹಾಗೆ ಉಬ್ಬುವ ತೊಂದರೆ. ಎರಡೂ ಕಣ್ಣಿಗೆ ಸ್ಕ್ಲೆರಲ್ ಲೆನ್ಸ್, ಕಣ್ಣಿನ ಬಿಳಿಭಾಗದ ಮೇಲೆ ಕೂರುವ ದೊಡ್ಡ ಲೆನ್ಸ್. ನನ್ನ ಟೇಬಲ್ ನೋಡಿದರೆ ಸಣ್ಣ ಲ್ಯಾಬ್ ಅನ್ನುತ್ತೀರಿ. ಎಲ್‌ಇಡಿ ಇರುವ ಸ್ಟ್ಯಾಂಡ್, ಹಾಕುವುದಕ್ಕೆ ಒಂದು ಪ್ಲಂಜರ್ (ಲೆನ್ಸ್ ಹಿಡಿಯುವ ರಬ್ಬರ್ ಹಿಡಿಕೆ), ತೆಗೆಯುವುದಕ್ಕೆ ಬೇರೆ. ಪ್ರಿಸರ್ವೇಟಿವ್ ಇಲ್ಲದ ಸಲೈನನ್ನು ಲೆನ್ಸ್ ಬಟ್ಟಲಿಗೆ ಅಂಚಿನವರೆಗೆ ತುಂಬಿ, ಮುಖ ನೆಲಕ್ಕೆ ಸಮನಾಗಿ ಬಗ್ಗಿಸಿ ಹಾಕಬೇಕು. ಒಂದು ಗುಳ್ಳೆ ಸಿಕ್ಕಿಕೊಂಡರೂ ತೆಗೆದು ಮತ್ತೆ ಹಾಕುತ್ತೇನೆ. ಈಗ ಸಲೀಸಾಗಿ ಬರುತ್ತದೆ. ಫೋಟೊ ಹಾಕಲಾ?

ಮೈನಸ್_ಆರು
ಹಾಕಿ ಸಂತೋಷ್, ಸ್ಟ್ಯಾಂಡ್ ಎಲ್ಲಿ ಸಿಕ್ಕಿತು?

ಹೇಮಾವತಿ_ಹಾಸನ
ನನ್ನ ಪ್ರಶ್ನೆಗೆ ಯಾರಾದರೂ ಉತ್ತರ ಹೇಳಿ. ನನ್ನದು ಸಾಫ್ಟ್, ತಿಂಗಳ ಲೆನ್ಸ್. ಕೇಸ್‌ಗೆ ನೀರು ಸೋಕಿಸುವುದಿಲ್ಲ. ಲೆನ್ಸ್‌ನಲ್ಲಿ ಕೊಳೆ ಇರುವುದಕ್ಕೆ ಸಾಧ್ಯವೇ ಇಲ್ಲ, ರಾತ್ರಿ ಗುಳ್ಳೆ ಚೆನ್ನಾಗಿಯೇ ಬರುತ್ತದೆ.

ಕಣ್ಣಿನಂಗಡಿ_ರಾಜಣ್ಣ
ಗುಳ್ಳೆ ಬರುತ್ತದಾ? ಅಂದರೆ ನಿಮ್ಮದು ಪೆರಾಕ್ಸೈಡ್ ಸೊಲ್ಯೂಷನ್! ಕೆಂಪು ಮೂತಿಯ ಬಾಟಲಿ, ಉದ್ದನೆಯ ಕೇಸ್, ಬುಟ್ಟಿಯಂಥ ಹಿಡಿಕೆಯ ಕೆಳಗೆ ಬಿಲ್ಲೆ ಇದೆಯಾ? ರಾತ್ರಿ ಎಷ್ಟು ಹೊತ್ತಿಗೆ ಹಾಕುತ್ತೀರಿ, ಬೆಳಗ್ಗೆ ಎಷ್ಟಕ್ಕೆ ತೆಗೆಯುತ್ತೀರಿ?

ಹೇಮಾವತಿ_ಹಾಸನ
ಹೌದು, ಅದೇ. ಸಮಯ ಶಿಫ್ಟ್ ಮೇಲೆ. ಸೆಕೆಂಡ್ ಶಿಫ್ಟ್ ಮುಗಿಸಿ ಬಂದರೆ ಮಲಗುವಾಗ 12 ಆಗುತ್ತದೆ. ಮರುದಿನ ಫಸ್ಟ್ ಶಿಫ್ಟ್ ಹಾಕಿದ್ದರೆ 4 ಗಂಟೆಗೆ ಏಳಬೇಕು, ಕ್ಯಾಬ್ ಬಂದುಬಿಡುತ್ತದೆ.

ಕಣ್ಣಿನಂಗಡಿ_ರಾಜಣ್ಣ
ಸಿಕ್ಕಿತು. ಅದು ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್. ಆ ಬಿಲ್ಲೆಗೆ ಪ್ಲಾಟಿನಂ ಲೇಪ ಇರುತ್ತದೆ. ಅದು ಪೆರಾಕ್ಸೈಡನ್ನು ನೀರು, ಆಕ್ಸಿಜನ್ ಆಗಿ ಒಡೆಯುತ್ತದೆ. ನೀವು ನೋಡುವ ಗುಳ್ಳೆ ಆ ಆಕ್ಸಿಜನ್. ಮೊದಲು ಜೋರಾಗಿ ಬರುತ್ತದೆ, ಆಮೇಲೆ ನಿಧಾನ. ಗುಳ್ಳೆ ನಿಂತ ಹಾಗೆ ಕಂಡರೂ ಒಳಗೆ ಪೆರಾಕ್ಸೈಡ್ ಉಳಿದಿರುತ್ತದೆ. ಪೂರ್ತಿ 6 ಗಂಟೆ ಬೇಕು. 4 ಗಂಟೆಗೆ ತೆಗೆದರೆ ಲೆನ್ಸ್‌ನಲ್ಲಿ ಉಳಿದದ್ದು ನೇರ ಕಣ್ಣಿಗೆ. ಉರಿಯದೆ ಇರುತ್ತದಾ?

ಉರಿದರೆ ಕೂಡಲೇ ಲೆನ್ಸ್ ತೆಗೆದು ಸಲೈನ್‌ನಲ್ಲಿ ಕಣ್ಣು ಚೆನ್ನಾಗಿ ತೊಳೆಯಿರಿ. ಉರಿ, ಕೆಂಪು ಇಳಿಯದಿದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಶಿಫ್ಟ್ ಬದಲಾಗುವ ದಿನ ಕನ್ನಡಕ ಹಾಕಿ, ಇಲ್ಲವೇ ಆ ದಿನಗಳಿಗೆ ಒಂದು ದಿನ ಹಾಕಿ ಬಿಸಾಡುವ ಡೈಲಿ ಲೆನ್ಸ್ ಇಟ್ಟುಕೊಳ್ಳಿ. ಬಿಲ್ಲೆಗೂ ಆಯಸ್ಸು ಇದೆ. ಹೊಸ ಬಾಟಲಿ ಜೊತೆ ಬರುವ ಹೊಸ ಕೇಸನ್ನೇ ಬಳಸಿ, ಹಳೆಯದನ್ನು ಬಿಸಾಡಿ. ಮಾಮೂಲಿ ಎರಡು ಬಟ್ಟಲಿನ ಕೇಸ್‌ಗೆ ಇದನ್ನು ಹಾಕಲೇಬೇಡಿ, ಅದರಲ್ಲಿ ಬಿಲ್ಲೆ ಇಲ್ಲ.

ಮೈನಸ್_ಆರು
ರಾಜಣ್ಣ ಹೇಳಿದ್ದು ಸರಿ ಇರಬಹುದು. ಆದರೂ ಪ್ರೋಟೀನ್ ಒಮ್ಮೆ ಚೆಕ್ ಮಾಡಿಸಿ.

ಕೊಪ್ಪದ_ಕಾಫಿ
ಇದೇ ಸೊಲ್ಯೂಷನ್ ನನ್ನದೂ. ರಾತ್ರಿ ಬಸ್ಸಿನಲ್ಲಿ ಮಂಗಳೂರಿಗೆ ಹೋಗುವಾಗ ಏನು ಮಾಡಲಿ? ಶಿರಾಡಿ ಘಾಟಿಯಲ್ಲಿ ಕೇಸ್ ನೆಟ್ಟಗೆ ನಿಲ್ಲುವುದಿಲ್ಲ, ಮುಚ್ಚಳದ ತೂತಿನಿಂದ ಸೋರಿ ಬ್ಯಾಗೆಲ್ಲ ಒದ್ದೆ.

ಕಣ್ಣಿನಂಗಡಿ_ರಾಜಣ್ಣ
ಆ ತೂತು ಗಾಳಿ ಹೋಗುವುದಕ್ಕೆ, ಟೇಪ್ ಅಂಟಿಸಿ ಮುಚ್ಚಬೇಡಿ. ಪ್ರಯಾಣಕ್ಕೆ ಡೈಲಿ ಲೆನ್ಸೇ ಸರಿ. ಬಸ್ಸು ಹತ್ತುವ ಮುಂಚೆ ತೆಗೆದು ಬಿಸಾಡಿ, ಕನ್ನಡಕ ಹಾಕಿಕೊಂಡು ಮಲಗಿ.

ಹೇಮಾವತಿ_ಹಾಸನ
ಹೋದ ವಾರದ ರೋಸ್ಟರ್ ತೆಗೆದು ನೋಡಿದೆ. ಉರಿ ಬಂದ ದಿನಗಳೆಲ್ಲ ಫಸ್ಟ್ ಶಿಫ್ಟ್‌ನವೇ. ತುಂಬಾ ಥ್ಯಾಂಕ್ಸ್ ರಾಜಣ್ಣ. ಇನ್ನೊಂದು ಕೇಳಬೇಕಿತ್ತು. ಭಾನುವಾರ ಲೆನ್ಸ್ ಹಾಕುವುದಿಲ್ಲ, ಶನಿವಾರ ರಾತ್ರಿ ಹಾಕಿಟ್ಟದ್ದು ಸೋಮವಾರದವರೆಗೂ ಅದೇ ಕೇಸ್‌ನಲ್ಲಿ ಇರಬಹುದಾ?

ಸ್ಕ್ಲೆರಲ್_ಸಂತೋಷ
ಸ್ಟ್ಯಾಂಡ್ ಫೋಟೊ ಹಾಕಿದ್ದೇನೆ, ಎಲ್ಲರೂ ನೋಡಿ.